ನಡುವಿನ ಮನೆ

ಇಂದೂಗೆ ಸರಾಸರಿ ಎಂಬ ಮಾತು ಕಂಡರೆ ಆಗುತ್ತಿರಲಿಲ್ಲ. ಊರಿನಲ್ಲಿ ಒಬ್ಬ ಲಾರಿ ಮಾಲೀಕನಿದ್ದರೆ ಸಾಕು, ಸರಾಸರಿಯಲ್ಲಿ ಊರಿಗೆ ಊರೇ ಸಿರಿವಂತವಾಗಿಬಿಡುತ್ತದೆ ಎಂದು ಬೈಯುತ್ತಿದ್ದಳು. ಅವಳ ಅಕ್ಕರೆಯೆಲ್ಲ ನಡುವಿನ ಮನೆಯ ಮೇಲೆ. ತಾಲೂಕಿನ ಮನೆಗಳನ್ನು ಬಡವರಿಂದ ಸಾಹುಕಾರರವರೆಗೆ ಸಾಲಾಗಿ ನಿಲ್ಲಿಸಿ, ಸರಿಯಾಗಿ ಮಧ್ಯದಲ್ಲಿ ನಿಂತ ಮನೆಗೆ ವರ್ಷಕ್ಕೆ ಎಷ್ಟು ಬರುತ್ತದೆ ನೋಡಬೇಕು, ಆಗ ಜನ ಹೇಗಿದ್ದಾರೆ ಎಂಬುದು ತಿಳಿಯುತ್ತದೆ ಎನ್ನುವವಳು.

ನಾವಿಬ್ಬರೂ ಪುಣೆಯ ಒಂದು ಅಧ್ಯಯನ ಸಂಸ್ಥೆಯಲ್ಲಿದ್ದೆವು. ಹಳ್ಳಿ ತಿರುಗಿ ಮಾಹಿತಿ ತರುವುದು ಅವಳ ಕೆಲಸ, ಫ್ಯಾನಿನ ಕೆಳಗೆ ಕೂತು ಅದನ್ನು ಕೂಡಿಸುವುದು ನನ್ನದು. ನನ್ನ ನೌಕರಿ ಕಾಯಂ. ಅವಳನ್ನು ಮಾತ್ರ ಸಮೀಕ್ಷೆ ಬಂದಾಗ ಕರೆಯುತ್ತಿದ್ದರು. ಗುಡ್ಡಗಾಡಿನ ಒಂದೇ ತಾಲೂಕಿಗೆ ಅವಳು ೧೯೯೩ರಲ್ಲಿ ಹೋದಳು, ೧೯೯೮ರಲ್ಲಿ ಹೋದಳು, ೨೦೦೩ರಲ್ಲಿ ಮತ್ತೆ ಹೋದಳು. ಆದಾಯ ಎಷ್ಟು ಎಂದು ನೇರವಾಗಿ ಕೇಳಿದರೆ ಯಾರು ತಾನೆ ಹೇಳುತ್ತಾರೆ? ಎಮ್ಮೆಯ ಹಾಲು ಯಾವ ಡೇರಿಗೆ ಹೋಗುತ್ತದೆ, ಮುಂಬಯಿಯಲ್ಲಿರುವ ಮಗ ಗಣಪತಿ ಹಬ್ಬಕ್ಕೆ ಏನು ತಂದ ಎಂದು ಸುತ್ತಿ ಬಳಸಿ ಮಾತಾಡಿಸಿ, ಚಹಾ ಕುಡಿದು ಏಳುವಷ್ಟರಲ್ಲಿ ಲೆಕ್ಕ ಅವಳ ಕೈಯಲ್ಲಿರುತ್ತಿತ್ತು.

ಸಮೀಕ್ಷೆಗೆ ಒಂದು ನಿಯಮವಿತ್ತು. ಒಂದೇ ಒಲೆಯ ಅಡುಗೆ ಉಣ್ಣುವವರೆಲ್ಲ ಒಂದು ಮನೆ. ಒಲೆ ಬೇರೆಯಾದರೆ, ಸೂರು ಒಂದೇ ಆದರೂ, ಮನೆ ಬೇರೆ. ಇದಕ್ಕೆ ಇಂದೂ ತಾನೇ ಒಂದು ವಿನಾಯಿತಿ ಮಾಡಿಕೊಂಡಿದ್ದಳು. ಮನೆಯಲ್ಲಿ ವಿಧವೆ ಮುದುಕಿ ಮೂಲೆಯಲ್ಲಿ ತನ್ನದೇ ಒಲೆ ಹೂಡಿದ್ದರೆ ಅದನ್ನು ಬೇರೆ ಮನೆ ಎಂದು ಎಣಿಸುತ್ತಿರಲಿಲ್ಲ. ಯೆರವಡಾದ ಅವಳ ಎರಡು ಕೋಣೆಯ ಮನೆಯಲ್ಲಿ ಅತ್ತೆ ಗೌರಾಬಾಯಿ ಹಾಗೇ ಇದ್ದರು. ಗಂಡ ತೀರಿಕೊಂಡ ಮೇಲೆ ಬಿಜಾಪುರದಿಂದ ಮಗನ ಮನೆಗೆ ಬಂದವರು. ಬಂದಾಗಿನಿಂದ ಪಡಸಾಲೆಯ ಮೂಲೆಯಲ್ಲಿ ಸೀಮೆಎಣ್ಣೆ ಸ್ಟೋ ಮೇಲೆ ಮಡಿಯ ಅಡುಗೆ. ಹಾಗೆಂದು ಅವರು ಬೇರೆ ಮನೆಯೇ? ಇಂದೂಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

೨೦೦೩ರಲ್ಲಿ ನಡುವಿನ ಮನೆಯ ಆದಾಯ, ಬೆಲೆಯೇರಿಕೆ ಕಳೆದರೂ, ಚೆನ್ನಾಗಿ ಏರಿತ್ತು. ನಮ್ಮ ಮುಖ್ಯಸ್ಥ ಸದಾನಂದ ಹಿರಿಹಿರಿ ಹಿಗ್ಗಿ ವರದಿಯ ಮುನ್ನುಡಿಯನ್ನೂ ಬರೆದಿಟ್ಟಿದ್ದರು. ಉಳಿದದ್ದು ಕೆಲವೇ ಮನೆಗಳು. ಅಂಥ ಒಂದು ಮನೆಯಲ್ಲಿ ಹಿತ್ತಿಲ ಕಡೆ ಒಬ್ಬ ಅಜ್ಜಿ ಒಲೆ ಊದುತ್ತ ಕೂತಿದ್ದಳು. ಇಂದೂ ಸಲಿಗೆಯಿಂದ, ನಮ್ಮ ಅತ್ತೆಯೂ ನಿಮ್ಮ ಹಾಗೆಯೇ ಮಡಿ ಎಂದು ಮರಾಠಿಯಲ್ಲಿ ಹೇಳಿದಳು. ಅಜ್ಜಿ ನಕ್ಕುಬಿಟ್ಟಳು. ಕೆಂಡದ ಮೇಲೆ ಒಣಮೀನು ಸುಡುತ್ತಿತ್ತು. ತಮ್ಮ ಜಾತಿಯಲ್ಲಿ ಎಲ್ಲಿಯ ಮಡಿ, ಮಗ ಬೇರೆ ಹಾಕಿ ನಾಲ್ಕು ವರ್ಷವಾಯಿತು, ಕೂಲಿ ಸಿಕ್ಕ ದಿನ ಈ ಒಲೆ ಉರಿಯುತ್ತದೆ ಎಂದಳು.

ಇಂದೂ ಆಫೀಸಿಗೆ ಬಂದಾಗ ಮುಖ ಕಪ್ಪಿಟ್ಟಿತ್ತು. ಅವಳು ಲೆಕ್ಕದಲ್ಲಿ ಮಗನ ಮನೆಗೆ ಸೇರಿಸಿದ ಮುದುಕಿಯರೆಲ್ಲ ಸಾಲಿನ ಕೆಳತುದಿಯಲ್ಲಿ ತಾವೇ ಒಂದೊಂದು ಮನೆಯಾಗಿ ನಿಲ್ಲಬೇಕಾದವರು. ಅವರು ನಿಂತರೆ ನಡುವಿನ ಜಾಗವೇ ಕೆಳಕ್ಕೆ ಸರಿಯುತ್ತದೆ. ಎಲ್ಲರನ್ನೂ ಮತ್ತೆ ಕೇಳಿ ಬರುತ್ತೇನೆ ಎಂದಳು. ಸದಾನಂದ ಬೇಡವೆಂದರು. ತಾನೇ ತಪ್ಪು ಎಣಿಸಿದೆ ಎಂದವಳನ್ನು ಮುಂದಿನ ಸಲ ಯಾರು ಕರೆಯುತ್ತಾರೆ ಎಂದೂ ಹೇಳಿದರು. ಅವಳು ಮಾರನೆಯ ದಿನವೇ ಕೆಂಪು ಬಸ್ಸು ಹತ್ತಿದಳು, ಹಠಮಾರಿ.

ಒಬ್ಬಿಬ್ಬರು ನಿಜವಾಗಿಯೂ ಮಗನ ಜೊತೆಗೇ ಇದ್ದರು. ಉಳಿದವರೆಲ್ಲ ಬೇರೆ. ೧೯೯೩ರಲ್ಲಿ ಇಂಥವರು ಕಡಿಮೆ, ಹತ್ತು ವರ್ಷದಲ್ಲಿ ಬಹಳ ಹೆಚ್ಚಾಗಿದ್ದರು. ನಾನು ಮತ್ತೆ ಕೂಡಿಸಿದೆ. ಏರಿಕೆಯಲ್ಲಿ ಅರ್ಧದಷ್ಟು ಕರಗಿಹೋಯಿತು. ವರದಿ ಸರಿಯಾಯಿತು. ೨೦೦೮ರ ಸಮೀಕ್ಷೆಗೆ ಇಂದೂವನ್ನು ಕರೆಯಲಿಲ್ಲ. ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವಳಿಗೆ ಅದು ಅಷ್ಟಾಗಿ ನೋಯಲಿಲ್ಲ. ನೋಯಿಸಿದ್ದು ಬೇರೆ, ಅದನ್ನು ಅವಳೇ ನನಗೆ ಹೇಳಿದಳು. ಆ ಮುದುಕಿಯರನ್ನೆಲ್ಲ ಕೇಳಿ ಮುಗಿಸಿದ ದಿನ ಸಂಜೆ ಮನೆಗೆ ಬಂದು ಗೌರಾಬಾಯಿಯ ಸ್ಟೋ ಎದುರು ಕೂತಳಂತೆ.

"ಅತ್ಯಾರ, ನೀವು ಮಡಿ ಅಂತನ ಬ್ಯಾರೆ ಮಾಡ್ಕೋತೀರೇನ್ರಿ?"

ಗೌರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮಡಿ ಅಂದಾಕಿ ನೀನ ಅವ್ವಾ. ನಾ ಬಂದ ದಿವಸ ಊಟಕ್ಕ ಏಳ್ರಿ ಅಂತ ಯಾರೂ ಅನಲಿಲ್ಲ. ನೀ ಹೊಸಾ ಸ್ಟೋ ತಂದು ಮುಂದ ಇಟ್ಟಿ. ಹಚ್ಚಿದೆ."

ಗೌರವವೆಂದುಕೊಂಡು ಇಂದೂ ತನ್ನ ಮೊದಲ ಸಂಬಳದಲ್ಲಿ ಕೊಂಡ ಸ್ಟೋ ಅದು. ಅವಳಿಗೆ ಅಳು ಬಂತು. ಇವತ್ತಿನಿಂದ ನಮ್ಮ ಜೊತೆಗೇ ಉಣ್ಣಬೇಕೆಂದು ಕೈ ಹಿಡಿದಳು.

"ಈಗ ನನ್ನ ಒಲಿ ನನಗ ರೂಢಿ ಆಗೇದ," ಎಂದರು ಗೌರಾಬಾಯಿ. "ನೀನ ಕೂಡು."

ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೊಟ್ಟರು. ಅತ್ತೆ ಪುಣೆಗೆ ಬಂದ ಇಷ್ಟು ವರ್ಷಗಳಲ್ಲಿ ಅವರ ಕೈಯಡುಗೆಯನ್ನು ಇಂದೂ ಉಂಡದ್ದು ಅದೇ ಮೊದಲು.