ಅಕ್ಕನನ್ನು ಕೇಳದೆ ತುಂಬಿದ ಫಾರಂ

೨೦೦೪ರಲ್ಲಿ ನಾನು ಹೈದರಾಬಾದಿನ ಬೇಗಂಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಪೆಲ್ವಿಕ್ ಫ್ಲೋರ್ ಕ್ಲಿನಿಕ್ಕಿನ ಸ್ಟಾಫ್ ನರ್ಸ್ ಆಗಿದ್ದೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳಿಗೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಅವು ಸಡಿಲವಾದರೆ ಕೆಮ್ಮಿದಾಗ ಮೂತ್ರ ಸೋರುತ್ತದೆ. ಕೆಲವರಿಗೆ ಗರ್ಭಕೋಶವೇ ಜಾರುತ್ತದೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಅದನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ ಇದ್ದವರು.

ಮೊದಲ ಭೇಟಿಯ ಅರ್ಧ ಗಂಟೆ ನನ್ನದು. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ಇಪ್ಪತ್ತೆರಡು ಪ್ರಶ್ನೆಗಳ ಫಾರಂ ತುಂಬಬೇಕು. ಎಷ್ಟು ಹೆರಿಗೆ, ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ, ಗಂಡನೊಡನೆ ಕೂಡುವಾಗ ನೋವಿದೆಯೇ, ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯೇ. ಆಮೇಲೆ ಡಾಕ್ಟರು ಮಲಗಿಸಿ ಕೆಮ್ಮಲು ಹೇಳುತ್ತಾರೆ, ಒಳಗೆ ಬೆರಳಿಟ್ಟು ಪರೀಕ್ಷಿಸುತ್ತಾರೆ, ಸ್ನಾಯು ಬಿಗಿಹಿಡಿಯುವ ವ್ಯಾಯಾಮ ಕಲಿಸುತ್ತಾರೆ. ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಿ ಎನ್ನಬಹುದು. ತೆಲುಗು, ಹಿಂದಿ, ಕನ್ನಡ, ಯಾವುದರಲ್ಲಾದರೂ ಆ ಪ್ರಶ್ನೆಗಳನ್ನು ನಾನು ನಾಚದೆ ಕೇಳುತ್ತಿದ್ದೆ.

ಆ ಜುಲೈನಲ್ಲಿ ನನ್ನ ಅಕ್ಕ ನೀಲವ್ವ ಬಂದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಗಂಡ ತೀರಿದ ನಂತರ ಲಿಂಗಂಪಲ್ಲಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ಇಪ್ಪತ್ತು ಮಂದಿ ಉಣ್ಣುತ್ತಿದ್ದಲ್ಲಿ ತೊಂಬತ್ತು ಮಂದಿಯಾಗಿದ್ದರು. ಸಾರಿನ ಬೋಗಾಣಿ ಎತ್ತಿ ಎತ್ತಿ ಗರ್ಭಕೋಶ ಜಾರಿತ್ತು.

ಅವಳ ಫಾರಂ ನಾನು ಕೇಳದೆ ತುಂಬಿದೆ. ಹೆರಿಗೆಗಳ ಲೆಕ್ಕ ನನಗೆ ಗೊತ್ತಿತ್ತು. ಉಳಿದದ್ದನ್ನು ತಾಯಿಯಂಥ ಅಕ್ಕನನ್ನು ಕೇಳಲು ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಮುಟ್ಟಾದವರು ಅಡುಗೆಮನೆಗೆ ಬರುವಂತಿಲ್ಲ. ಅಕ್ಕ ನಾಲ್ಕು ವರ್ಷದಿಂದ ಒಂದು ದಿನವೂ ಒಲೆ ಬಿಟ್ಟಿರಲಿಲ್ಲ. ಮುಟ್ಟು ನಿಂತಿದೆ, ರಕ್ತವೂ ಇಲ್ಲ ಎನ್ನಲು ಅಷ್ಟು ಸಾಕೆಂದು, ರಕ್ತ ಕಂಡಿದೆಯೇ ಎಂಬುದರ ಮುಂದೆ ಇಲ್ಲ ಎಂದು ಬರೆದು ಸಹಿ ಮಾಡಿದೆ. ಎಲ್ಲ ಕೇಳಿದಿರಾ ಎಂದು ಡಾಕ್ಟರು ವಿಚಾರಿಸಿದರು. ಕೇಳಿದೆ ಎಂದೆ.

ಪರೀಕ್ಷೆಯಲ್ಲಿ ಅಕ್ಕ ಕೆಮ್ಮಿ ಕೆಮ್ಮಿ ಸುಸ್ತಾದಳು. "ಕೆಮ್ಮಾಕ ಇಷ್ಟು ದೂರ ಕರಿಸಿದ್ಯಾ ಸರೂ? ಮನ್ಯಾಗ ಮೆಣಸಿನಕಾಯಿ ಒಗ್ಗರಣಿ ಹಾಕಿದ್ರ ಆಗ್ತಿತ್ತಲ್ಲ" ಎಂದಳು. ಡಾಕ್ಟರಿಗೆ ಅದನ್ನು ತೆಲುಗಿನಲ್ಲಿ ಹೇಳಿದೆ, ಅವರೂ ನಕ್ಕರು. ಗರ್ಭಕೋಶವನ್ನು ಮೇಲೆ ತಡೆದಿಡುವ ಸಿಲಿಕೋನ್ ರಿಂಗ್ ಹಾಕಿ ಕಳಿಸಿದರು.

ಮುಂದಿನ ಫೆಬ್ರವರಿಯಲ್ಲಿ ಅವಳು ಖಾನಾವಳಿಯಲ್ಲೇ ಕುಸಿದಳು. ಗರ್ಭಕೋಶದ ಕ್ಯಾನ್ಸರ್, ಅಷ್ಟರಲ್ಲಿ ಶ್ವಾಸಕೋಶಕ್ಕೂ ಹಬ್ಬಿತ್ತು. ಮುಟ್ಟು ನಿಂತ ಮೇಲೆ ಕಾಣುವ ರಕ್ತವೇ ಸಾಮಾನ್ಯವಾಗಿ ಅದರ ಮೊದಲ ಸೂಚನೆ. ವಾರ್ಡಿನಲ್ಲಿ ಮಧ್ಯಾಹ್ನ ನಾವಿಬ್ಬರೇ ಇದ್ದಾಗ, ರಕ್ತ ಯಾವಾಗಿನಿಂದ ಎಂದು ಕಡೆಗೂ ಕೇಳಿದೆ.

"ರಿಂಗ್ ಹಾಕೂಕಿಂತ ಮದ್ಲಿಂದನೂ ಐತಿ."

"ಯಾಕ ಹೇಳಲಿಲ್ಲಕ್ಕ?"

"ಹೇಳಿದ್ರ ಒಲಿ ಬಿಡಬೇಕಾಗ್ತಿತ್ತು. ಮುಟ್ಟಾದಾಕಿ ಕೈ ಅಡಗಿ ಯಾರು ಉಣ್ತಾರ?" ಆಮೇಲೆ ಅಂದಳು: "ಅವತ್ತು ನಿನಗ ಹೇಳಬೇಕಂತನ ಬಂದಿದ್ದೆ. ಎಲ್ಲಾರಿಗೂ ಕೇಳ್ತೀನಿ ಅಂತಿದ್ದಿ. ನನಗೂ ಕೇಳ್ತಿ ಅಂತ ಕುಂತೆ."

ಬೈಗುಳವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಜೂನ್ ಎರಡನೇ ವಾರ ಅಕ್ಕ ಹೋದಳು. ಜುಲೈನಲ್ಲೇ ತಿಳಿದಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಅವರು ಒಳ್ಳೆಯವರು, ಹೇಳಲಾಗದು ಎಂದರು. ಆದರೆ ಆ ಕಾಯಿಲೆಗೆ ಏಳು ತಿಂಗಳು ಎಂದರೇನು ಎಂಬುದು ನರ್ಸಾದ ನನಗೂ ಗೊತ್ತು.

ಅಂಥ ಕ್ಲಿನಿಕ್ಕಿಗೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ. ಅಲ್ಲಿನ ನರ್ಸ್ ನಿಮ್ಮ ಸಂಬಂಧಿಯಾದರೆ ಬೇರೆಯವರನ್ನು ಕೊಡಿ ಎನ್ನಿ. ಕೇಳದಿದ್ದರೂ ಹೇಳಿಬಿಡಿ. ನಿವೃತ್ತಿಯವರೆಗೆ ಹೊಸದಾಗಿ ಬಂದ ನರ್ಸ್‌ಗಳಿಗೆಲ್ಲ, ಸಂಬಂಧಿಕರ ಫಾರಂ ಬೇರೆಯವರಿಗೆ ಕೊಡಿ, ಕೇಳದೆ ಏನೂ ಬರೆಯಬೇಡಿ ಎಂದು ಕಲಿಸಿದೆ. ಅವರು ಚೆನ್ನಾಗಿ ಕಲಿತರು. ಅದರಿಂದ ನನ್ನ ಅಕ್ಕನಿಗೆ ಏನೂ ಪ್ರಯೋಜನವಾಗಲಿಲ್ಲ.