ಮಂಗಳ ಮೊದಲು ಬಂದ ದಿನ

ಭಾನುವಾರ. ಮಾಘ ಮುಗಿಯುತ್ತ ಬಂದಿತ್ತು. ಬೆಳಗಿನ ಹತ್ತು ಗಂಟೆ. ಸ್ಥಳ, ಗಂಗಾವತಿಯ ಹಳೆಯ ಪೇಟೆಯ ಒಂದು ಅಂಗಡಿ. ಹಾಜರಿದ್ದವರು ಮೂವರು: ನಾನು, ನನ್ನ ಅಕ್ಕ, ಅಂಗಡಿಯ ಭಾಯಿ. ನೌಕರಿ ಮಾಡಿದಷ್ಟು ಕಾಲ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಹಾಜರಿ ಕೂಗಿದ ಡ್ರಿಲ್ ಮಾಸ್ತರ ನಾನು. ಯಾವ ಕೆಲಸವನ್ನೂ ಬೇರೆ ರೀತಿ ಶುರು ಮಾಡಲು ನನಗೆ ಬರುವುದಿಲ್ಲ.

ನನ್ನ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಹಾರ್ಡ್‌ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಕೊಪ್ಪಳದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೆ. ಹುಲಿಗಿ ದಾಟಿದ ಮೇಲೆ ಕಾಲುವೆ ರಸ್ತೆಯ ಪಕ್ಕಕ್ಕೆ ಬಂತು. ನಾಟಿ ಮಾಡಿದ ಗದ್ದೆಗಳಲ್ಲಿ ನಿಂತ ನೀರು, ನೀರಿನಲ್ಲಿ ಬಂಡೆಗುಡ್ಡಗಳು ತಲೆಕೆಳಗಾಗಿ ನಿಂತಿದ್ದವು. ನೋಡುತ್ತ ನೋಡುತ್ತ ಕಣ್ಣಿಗೆ ಮಂಪರು ಹತ್ತಿತು. ಗುಡ್ಡ ಯಾವುದು, ನೆರಳು ಯಾವುದು ತಿಳಿಯದಂತಾದಾಗ ತೊಡೆಯ ಮೇಲಿನ ಗಂಟಿನೊಳಗಿಂದ ಯಾರೋ ಸಣ್ಣಗೆ ಹಾಡುತ್ತಿದ್ದಾರೆ ಅನ್ನಿಸಿತು. ಬಸ್ಸು ಒಮ್ಮೆ ಜಿಗಿಯಿತು. ಎರಡೂ ಕೈಯಿಂದ ಗಂಟನ್ನು ಅವುಚಿಕೊಂಡೆ.

ಅದರಲ್ಲಿದ್ದದ್ದು ನನ್ನ ಸಂಗ್ರಹ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಹೀಗೆ ನಾಲ್ಕೂ ತಾಲೂಕಿಗೆ ನನಗೆ ವರ್ಗವಾಗಿತ್ತು. ಹೋದ ಊರಿನಲ್ಲೆಲ್ಲ ಭಜನೆ ಎಲ್ಲಿ ನಡೆಯುತ್ತದೆಂದು ಕೇಳಿ, ಚಾಪೆಯ ತುದಿಯಲ್ಲಿ ಕುಳಿತು, ಅಂಗೈಯಷ್ಟು ರೆಕಾರ್ಡರಿನಲ್ಲಿ ತುಂಬಿಕೊಂಡು ಬರುತ್ತಿದ್ದೆ. ಕಂಪ್ಯೂಟರಿನಲ್ಲಿ ನಾಲ್ಕು ತಾಲೂಕಿಗೆ ನಾಲ್ಕು ಫೋಲ್ಡರು. ಕುಷ್ಟಗಿಯ ಫೋಲ್ಡರಿನೊಳಗೆ ತಾವರಗೇರಾ, ತಾವರಗೇರಾದೊಳಗೆ ಅಕ್ಕನ ಭಜನಾ ಮಂಡಳಿ. ಒಂದು ಶ್ರಾವಣದಲ್ಲಿ ಆ ಹೆಂಗಸರು ಮೊದಲಿನಿಂದ ಮಂಗಳದವರೆಗೆ ಹಾಡಿದ ಪೂರ್ತಿ ಭಜನೆ ಅಲ್ಲಿತ್ತು.

ಅಕ್ಕನಿಗೆ ಕಣ್ಣು ಹೋಗಿ ಬಹಳ ವರ್ಷವಾಯಿತು. ತಾಳ ಬಾರಿಸುವುದು ಬಿಟ್ಟಿಲ್ಲ. ಮಂಡಳಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸಿ ಪದ ಎತ್ತುತ್ತಿದ್ದವಳು ಅವಳ ಗೆಳತಿ. ಆಕೆ ತೀರಿಕೊಂಡ ಮೇಲೆ ಎತ್ತಿ ಹಾಡುವವರು ಉಳಿಯಲಿಲ್ಲ, ಹಿಮ್ಮೇಳದ ಮೂವರಷ್ಟೇ ಉಳಿದರು. ಆಗ ಅಕ್ಕ ಒಂದು ದಾರಿ ಕಂಡುಕೊಂಡಳು. ಇದೇ ಭಾಯಿ ಹಿಂದೆ ಬರೆದುಕೊಟ್ಟಿದ್ದ ಸಿ.ಡಿ.ಗಳನ್ನು ಸೋಮವಾರ ಸಂಜೆ ದೇವರ ಮುಂದೆ ಹಚ್ಚುವುದು. ಡಬ್ಬಿಯೊಳಗಿಂದ ಗೆಳತಿ ಎತ್ತುತ್ತಾಳೆ, ಹೊರಗೆ ಕುಳಿತ ಮೂವರು ತಿರುಗಿ ಹೇಳುತ್ತಾರೆ. ಭಜನೆ ನಿಲ್ಲಲಿಲ್ಲ.

ಈಚೆಗೆ ಸಿ.ಡಿ. ಸವೆದು ಗೀರು ಬಿದ್ದಿದ್ದವು. ಎರಡು ಸೋಮವಾರದ ಹಿಂದೆ ಪಲ್ಲವಿಯ ಅರ್ಧ ಮಾತಿನಲ್ಲೇ ಸಿಕ್ಕಿಕೊಂಡು ಅದನ್ನೇ ಹೇಳತೊಡಗಿತಂತೆ. ಹಿಮ್ಮೇಳದವರೂ ಅದನ್ನೇ ಹೇಳಿದರು. ಎತ್ತಿದವಳು ಬಿಡುವವರೆಗೆ ತಾವು ಬಿಡಬಾರದಲ್ಲ! ಕೊನೆಗೆ ದಮ್ಮು ಹತ್ತಿ ಮೂವರಿಗೂ ನಗೆ ಬಂತು. ಮರುದಿನ ಅಕ್ಕನ ಮಗ ಆ ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿ ಜೋಳದ ಹೊಲದಲ್ಲಿ ಹಕ್ಕಿ ಬೆದರಿಸಲು ತೂಗುಹಾಕಿದ. ಸೊಸೆ ಪೆನ್‌ಡ್ರೈವಿನ ಸ್ಪೀಕರೊಂದನ್ನು ತಂದಿಟ್ಟಳು. ಗುಂಡಿ ಒತ್ತಿದ ಕೂಡಲೇ ಅದರೊಳಗಿಂದ ಒಬ್ಬ ಹೆಣ್ಣುಮಗಳು "ಬ್ಲೂಟೂತ್ ಮೋಡ್" ಎಂದು ಕೂಗಿದಳು.

"ಗಣಪತಿಗಿಂತ ಮೊದಲ ಇಕಿ ಯಾರವ್ವಾ?" ಎಂದು ಅಕ್ಕ ಅದನ್ನು ದೇವರ ಕೋಣೆಯಿಂದ ಹೊರಗೆ ಹಾಕಿದಳು.

ಹೀಗಾಗಿ ಹಿಂದಿನ ಸೋಮವಾರ ಭಜನೆ ತಪ್ಪಿತ್ತು. ನಾಳೆ ಮತ್ತೆ ಸೋಮವಾರ. ಫೋನಿನಲ್ಲಿ ಅಕ್ಕ ಹೇಳಿದ್ದು ಇಷ್ಟೇ: "ಒಂದ ವಾರ ತಪ್ಪಿದ್ರ ನೆಪ, ತಮ್ಮಾ. ಎರಡ ವಾರ ತಪ್ಪಿದ್ರ ರೂಢಿ. ಆಮ್ಯಾಲೆ ಯಾರೂ ಬರಂಗಿಲ್ಲ." ಅವಳು ಕನಕಗಿರಿ ದಾರಿಯ ಬಸ್ಸು ಹಿಡಿದು ಮಗನ ಜೊತೆ ಗಂಗಾವತಿಗೆ ಬಂದಿಳಿದಿದ್ದಳು. ಮಗ ಅವಳನ್ನು ಅಂಗಡಿಯಲ್ಲಿ ಕೂರಿಸಿ ಸಂತೆಗೆ ಹೋದ.

ಅಂಗಡಿಯಲ್ಲಿ ಈಗ ಫೋನಿನ ಕವರು, ಚಾರ್ಜರುಗಳದ್ದೇ ವ್ಯಾಪಾರ. ಸಿ.ಡಿ. ಬರೆಯುವ ಯಂತ್ರವನ್ನು ಭಾಯಿ ಒಳಗಿನ ಕೋಣೆಯಲ್ಲಿ, ಮೇಲೊಂದು ಕರವಸ್ತ್ರ ಹೊದಿಸಿ ಇಟ್ಟುಕೊಂಡಿದ್ದರು. ಹಾರ್ಡ್‌ಡಿಸ್ಕಿಗೆ ವಯರು ಸಿಕ್ಕಿಸಿ ಕಿವಿಯನ್ನು ಹತ್ತಿರ ತಂದರು.

"ಸರ್, ಇದರ ಎದಿ ಬಡಿತ ಕೇಳ್ರಿ. ಟಕ್ ಟಕ್ ಅಂತೈತಿ. ಒಮ್ಮೆ ಬಂದ್ ಆದ್ರ ಮತ್ತ ಏಳತೈತಿ ಅಂತ ಖಾತ್ರಿ ಇಲ್ರಿ. ಮೊದಲ ಅಕ್ಕಾರ ಪದಾ ತಗೊಳ್ಳೂಣು, ಉಳಿದದ್ದು ಹಿಂದಿಂದ ಬರ್ಲಿ."

ಪದಗಳು ಹಳೆಯ ಡಿಸ್ಕಿನಿಂದ ಭಾಯಿಯ ಕಂಪ್ಯೂಟರಿಗೆ ಒಂದೊಂದಾಗಿ ದಾಟತೊಡಗಿದವು. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯ ಹಾಗೆ ತೆವಳುತ್ತಿತ್ತು. ಕಾಲುವೆಗೆ ನೀರು ಬಿಟ್ಟಾಗ ಒಣ ಮಣ್ಣಿನ ಮೇಲೆ ಅದರ ಮೊದಲ ನಾಲಗೆ ಹೀಗೇ ಬರುತ್ತದೆ, ನಿಂತು, ಹೀರಿಸಿಕೊಂಡು, ಮತ್ತೆ ಮುಂದೆ. ತಾವರಗೇರಾದವರೆಗೆ ಎಂದೂ ಹರಿಯದ ಆ ನೀರು ಈ ಮುಚ್ಚಿದ ಕೋಣೆಯಲ್ಲಿ ಹರಿದು ಹೋಗುತ್ತಿದೆ ಎಂಬ ಭ್ರಮೆಯಲ್ಲಿ ನಾನು ಎಷ್ಟು ಹೊತ್ತು ಕುಳಿತಿದ್ದೆನೋ. ಕೊನೆಯದೊಂದು ಪದದಲ್ಲಿ ಪಟ್ಟಿ ನಡುವೆಯೇ ನಿಂತಿತು. ಭಾಯಿ ಮತ್ತೆ ಪ್ರಯತ್ನಿಸಿದರು. ಮತ್ತೆ ಅಲ್ಲಿಯೇ ನಿಂತಿತು.

"ಒಂದು ಬರವಲ್ದು ಸರ್. ಅದನ್ನ ಬಿಟ್ಟು ಉಳಿದದ್ದು ಬರಿಯೂಣು."

ಮೊದಲ ಸಿ.ಡಿ. ಬರೆದು ಮುಗಿಯಿತು. ಅಕ್ಕನ ಮನೆಯಲ್ಲಿರುವಂಥದ್ದೇ ಪ್ಲೇಯರು ಭಾಯಿಯ ಬಳಿಯೂ ಇತ್ತು. ಪರೀಕ್ಷೆಗೆಂದು ಅದರಲ್ಲಿ ಹಾಕಿ ಗುಂಡಿ ಒತ್ತಿದರು. ಪೇಟಿಯ ಉಸಿರು ಎದ್ದಿತು. ಅದರ ಹಿಂದೆಯೇ ಗೆಳತಿಯ ದನಿ.

ಅಕ್ಕ ಸ್ಟೂಲನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಳು. ಕೈ ಮುಗಿದಳು. ತನ್ನ ಪಾಲಿನ ಹಿಮ್ಮೇಳ ಹೇಳಿದಳು. ಪದ ಮುಗಿಯುತ್ತಲೇ ಎರಡೂ ಕೈಯನ್ನು ಕಣ್ಣಿಗೊತ್ತಿ, ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಸಕ್ಕರೆಯನ್ನು ನನಗೂ ಭಾಯಿಗೂ ಚಿಟಿಕೆ ಚಿಟಿಕೆ ಕೊಟ್ಟಳು. ಭಾಯಿ ಎರಡೂ ಕೈ ಒಡ್ಡಿ ತೆಗೆದುಕೊಂಡರು. ಅಷ್ಟರಲ್ಲಿ ಎರಡನೆಯ ಪದ ಶುರುವಾಯಿತು.

"ಬಂದ್ ಮಾಡ್ರಿ! ಬಂದ್ ಮಾಡ್ರಿ!" ಅಕ್ಕ ಕೂಗಿದಳು.

ಭಾಯಿ ಗಾಬರಿಯಾಗಿ ವಯರನ್ನೇ ಕಿತ್ತರು.

"ಈಗ ಮಂಗಳ ಆತಲ್ಲ. ಮಂಗಳ ಆದಮ್ಯಾಲೆ ಮರುದಿನ ಸೂರ್ಯಾ ಮೂಡೂತನಕ ಪದಾ ಎತ್ತಂಗಿಲ್ಲ, ಕೇಳಂಗಿಲ್ಲ. ಯಾರೋ ತಮ್ಮಾ ಮಂಗಳಾನ ಮೊದಲ ಇಟ್ಟಾಂವ?"

"ನಾನ ಅಕ್ಕಾ. ನಿನ್ನೆ ಎಲ್ಲಾ ಉದ್ದಳತಿ ಪ್ರಕಾರ ಸಾಲು ಮಾಡಿದೆ. ಸಣ್ಣವು ಮುಂದ, ದೊಡ್ಡವು ಹಿಂದ. ಡಿಸ್ಕಿನ್ಯಾಗ ಜಾಗಾ ಹಾಳಾಗಬಾರದು ಅಂತ."

"ಪದಾ ಏನ್ ನಿನ್ನ ಸಾಲಿ ಹುಡುಗ್ರೇನೋ, ಗಿಡ್ಡನ್ನ ಹಿಡದು ಮುಂದ ನಿಲ್ಸಾಕ?"

ಭಾಯಿ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ನನಗೆ ನಗು ಬರಲಿಲ್ಲ. ಸಾಲು ಮಾಡುವಾಗ ಹಳೆಯ ಸಂಖ್ಯೆಗಳನ್ನು ಅಳಿಸಿ ಹೊಸವನ್ನು ಕೊಟ್ಟಿದ್ದೆ. ಯಾವುದರ ಹಿಂದೆ ಯಾವುದು ಎಂಬುದು ಈಗ ಎಲ್ಲಿಯೂ ಇರಲಿಲ್ಲ, ಅಕ್ಕನ ತಲೆಯಲ್ಲಲ್ಲದೆ. ಅವಳು ಕೇಳಿ ಹೇಳಬೇಕು. ಅವಳೋ ಕೇಳುವುದಿಲ್ಲ ಅನ್ನುತ್ತಾಳೆ.

"ಅಕ್ಕಾ, ಇದು ಯಂತ್ರ."

"ಯಂತ್ರ ಆದ್ರೇನು, ಹಾಡಿದಾಕಿ ಮನಷ್ಯಾಳು ಹೌದಲ್ಲೋ?"

ಭಾಯಿ ನನ್ನ ತೋಳು ಮುಟ್ಟಿದರು. "ಬ್ಯಾಡ್ರಿ ಸರ್. ಮಸೂತ್ಯಾಗ ಬಾಂಗ್ ಆಗೂ ಹೊತ್ತಿಗೆ ನಾನೂ ಅಂಗಡ್ಯಾಗ ಹಾಡು ಬಂದ್ ಮಾಡ್ತೀನಲ್ರಿ. ಹಂಗ ಇದು." ಆಮೇಲೆ ಕಪಾಟಿನಿಂದ ಹೆಡ್‌ಫೋನು ತೆಗೆದು ನನ್ನ ಕೈಗಿಟ್ಟರು. "ಅಕ್ಕಾರು ಕೇಳೂದು ಬ್ಯಾಡ. ನೀವ್ ಕೇಳ್ರಿ. ಕೇಳಿದ್ದು ಹೇಳ್ರಿ, ಹಾಡಬ್ಯಾಡ್ರಿ."

ಅಕ್ಕ ನನ್ನ ಕಡೆ ತಿರುಗಿದಳು. "ಪದದ ಮಾತು ಬ್ಯಾಡ. ಪದಕ್ಕಿಂತ ಮೊದಲ ಏನ್ ಕೇಳತೈತಿ, ಅದನ್ನ ಹೇಳು."

ಹೆಡ್‌ಫೋನು ಕಿವಿಗೆ ಕುಳಿತ ಕೂಡಲೇ ಪೇಟೆಯ ಗದ್ದಲ ದೂರ ಹೋಯಿತು. ಇಷ್ಟು ವರ್ಷ ಈ ಪದಗಳನ್ನು ಕೇಳಿದ್ದೆ. ಅವುಗಳ ಮೊದಲಿನ ಆ ಸಣ್ಣ ಜಾಗವನ್ನು ಕೇಳಿರಲಿಲ್ಲ. ಒಂದೊಂದು ಪದದ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತು, ಒಳಗೆ ಕಾಲಿಡದೆ ಹಿಂದಿರುಗುವ ಕೆಲಸ ಅದು.

"ಯಾರೋ ಊದಿನಕಡ್ಡಿ ಎಲ್ಲೈತಿ ಅಂತಾರ."

"ಅದು ಎರಡನೇದ್ದು. ಮೊದಲನೇದಕ್ಕ ಹಚ್ಚೂದು ಮರತಿದ್ವಿ."

"ಬಳಿ ಸದ್ದು. ಹಿಂದ ಕೂಸು ಅಳತೈತಿ."

"ನನ್ನ ಮೊಮ್ಮಗಂದು. ಅಂವ ನಡುವ ಎದ್ದಿದ್ದ. ಅದರ ಮುಂದಿಂದು ಹೇಳು, ನೀರು ಕುಡಿಯೂ ಸದ್ದು ಇರಬೇಕು."

ಹುಡುಕಿದೆ, ನೀರು ಗಟಗಟನೆ ಇಳಿಯುವ ಸದ್ದು ನಿಜವಾಗಿಯೂ ಇತ್ತು. ನನ್ನ ಕಣ್ಣು ತಾವಾಗಿ ಮುಚ್ಚಿದವು. ಕಂದೀಲು, ಚಾಪೆ, ಗೋಡೆಗೆ ಒರಗಿದ ಹೆಂಗಸರು, ಗಾಳಿಗೆ ಹಾರುವ ತೋರಣ. ಗೆಳತಿ ಪೇಟಿಯ ಮನೆಗಳ ಮೇಲೆ ಬೆರಳಾಡಿಸುತ್ತ ಇನ್ನೂ ಹಾಡದೆ ಕುಳಿತಿದ್ದಾಳೆ. ಅವಳು ಹಾಡಲು ಬಾಯಿ ತೆರೆದಾಗಲೆಲ್ಲ ನಾನು ನಿಲ್ಲಿಸಿ ಮುಂದಿನ ಬಾಗಿಲಿಗೆ ಹೋಗುತ್ತಿದ್ದೆ. ತೆರೆದ ಬಾಯಿಯಿಂದ ತೆರೆದ ಬಾಯಿಗೆ. ಹಾಗೆ ಹೋಗುತ್ತ ಹೋಗುತ್ತ ಆಕೆ ತೀರಿಕೊಂಡವಳು ಎಂಬುದು ಮರೆತುಹೋಗಿ, ಸುಮ್ಮನೆ ಉಸಿರು ಹಿಡಿದು ಕಾಯುತ್ತಿರುವವಳಂತೆ ಕಂಡಳು.

ಭಾಯಿ ಹೊಸ ಸಾಲು ಕಟ್ಟುತ್ತ ಬಂದರು. ಕೊನೆಗೆ ಮಂಗಳಕ್ಕಿಂತ ಮೊದಲು ಒಂದು ಜಾಗ ಖಾಲಿ ಉಳಿಯಿತು.

"ಅಲ್ಲಿ ಬೆಳಗಿನ ಪದ ಬರಬೇಕು," ಅಂದಳು ಅಕ್ಕ. "ಕೋಳಿ ಕೂಗತೈತಿ ನೋಡು, ಅದು."

ದಾಟಲಾರದೆ ನಿಂತ ಪದ ಅದೇ. ಅಕ್ಕನಿಗೆ ಅದನ್ನು ಭಾಯಿ ಹೇಳಿದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಳು. ಹೊರಗೆ ಯಾರೋ ಚಾರ್ಜರಿನ ರೇಟು ಕೇಳಿದರು. ಭಾಯಿ "ಊಟ ಮಾಡಿ ಬರ್ರಿ" ಎಂದು ಕಳಿಸಿದರು.

"ಅದನ್ನ ನಾವ ಎತ್ತತೀವಿ," ಎಂದಳು ಅಕ್ಕ ಕೊನೆಗೆ. "ಜಾಗಾ ಬಿಡ್ರಿ."

"ಜಾಗಾ ಬಿಡೂದು ಅಂದ್ರ ಹ್ಯಾಂಗ್ರಿ ಅಕ್ಕಾರ?"

"ಇಲ್ಲಾಂದ್ರ ಅದು ಸೀದಾ ಮಂಗಳಕ್ಕ ಹೊಕ್ಕೈತಿ. ಕೈಯಾಗ ತಾಳ ಇರ್ತಾವು, ಗುಂಡಿ ಯಾವ ಕೈಲೆ ಒತ್ತಲಿ? ನಾವು ಹಾಡಿ ಮುಗಿಸೂತನಕ ಡಬ್ಬಿ ಸುಮ್ನ ಕುಂಡ್ರಬೇಕು."

"ಎಷ್ಟೊತ್ತು ಅಂತ ಬರೀಲ್ರಿ?"

ಹಾಡದೆ ಅಳೆಯುವುದು ಹೇಗೆ? ಅಕ್ಕ ಎಡಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಳು. "ಮೈಕ್ ಹಚ್ಚಿ ಸುಮ್ನ ಕುಂಡ್ರಿ. ನನ್ನ ಬೆರಳು ನಿಂತ ಕೂಡ್ಲೆ ಬಂದ್ ಮಾಡ್ರಿ."

ಭಾಯಿ ಕದ ಮುಂದೆ ಮಾಡಿ ಮೈಕು ಹಚ್ಚಿದರು. ಅಕ್ಕನ ತುಟಿ ಬಿಗಿದಿತ್ತು. ಬಲಗೈಯ ಎರಡು ಬೆರಳು ಎಡ ಅಂಗೈಯ ಮೇಲೆ ಸದ್ದಿಲ್ಲದೆ ಬಡಿಯತೊಡಗಿದವು. ಮೊದಲು ನಿಧಾನ. ನಡುವೆ ಒಂದೆಡೆ ತಡೆದವು, ಗೆಳತಿ ಉಸಿರು ತೆಗೆದುಕೊಳ್ಳಲಿ ಎಂಬಂತೆ. ಮತ್ತೆ ನಡೆದವು. ಫ್ಯಾನು ತಿರುಗುತ್ತಿತ್ತು. ಬಾಗಿಲ ಸಂದಿಯಿಂದ ಬಿದ್ದ ಬಿಸಿಲಿನ ಗೆರೆಯಲ್ಲಿ ಧೂಳು ಏಳುತ್ತ ಇಳಿಯುತ್ತ ಅದೇ ತಾಳಕ್ಕೆ ಹೊಂದಿಕೊಂಡ ಹಾಗೆ ಕಂಡಿತು. ನನ್ನೊಳಗೆ ಆ ಪದ ತಾನಾಗಿ ಎದ್ದಿತು, ಒಂದು ಚರಣವೂ ತಪ್ಪದೆ. ಭಾಯಿಯ ಮುಖ ನೋಡಿದೆ. ಪದ ಗೊತ್ತಿಲ್ಲದ ಅವರೂ ತಲೆಯನ್ನು ಸಣ್ಣಗೆ ತೂಗುತ್ತಿದ್ದರು. ತಾವರಗೇರಾದ ಹೊಲದಲ್ಲಿ, ಜೋಳದ ತೆನೆಗಳ ಮೇಲೆ, ಹಳೆಯ ಸಿ.ಡಿ.ಗಳು ಈ ಹೊತ್ತಿಗೆ ಗಾಳಿಗೆ ತಿರುಗಿ ಮಿಂಚುತ್ತಿರಬೇಕು ಅಂದುಕೊಂಡೆ.

ಬೆರಳು ನಿಂತವು. ಅಕ್ಕ ಕೈ ಕಣ್ಣಿಗೊತ್ತಿಕೊಂಡಳು. ಭಾಯಿ ಗುಂಡಿ ಒತ್ತಿದರು.

ಮೂರು ಸಿ.ಡಿ. ಒಂದಾದ ಮೇಲೆ ಒಂದು ಬೆಚ್ಚಗಾಗಿ ಹೊರಬಂದವು. ಹಳೆಯ ಡಿಸ್ಕು ಹಿಂದೆ ಟಕ್ ಟಕ್ ಎನ್ನುತ್ತ ಉಳಿದ ಫೋಲ್ಡರುಗಳನ್ನು ದಾಟಿಸುತ್ತಿತ್ತು. ಯಲಬುರ್ಗಾದ್ದು ಅರ್ಧ ಬಂದಿರುವಾಗ ಅದು ಮೌನವಾಯಿತು. ಭಾಯಿ ನನ್ನ ಕಡೆ ನೋಡಿದರು. ಬಂದಷ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಡಿ ಎಂದೆ. ಹೊಸ ಸಿ.ಡಿ.ಗಳನ್ನು ಗಟ್ಟಿಯಾಗಿ ಹಚ್ಚುವಂತಿರಲಿಲ್ಲ. ಹೆಡ್‌ಫೋನಿನಲ್ಲಿ ಒಬ್ಬನೇ ಪರೀಕ್ಷಿಸಿದೆ. ಮೂರನೆಯದರಲ್ಲಿ ಆ ಖಾಲಿ ಜಾಗ ಬಂದಾಗ ಫ್ಯಾನಿನ ಗಾಳಿ ಕೇಳಿತು. ಅದರ ಒಳಗೆ, ಕಿವಿಗೊಟ್ಟರೆ ಮಾತ್ರ, ಅಕ್ಕನ ಬಳೆ ತಾಳ ತಪ್ಪದೆ ನಡೆಯುತ್ತಿತ್ತು. ಅದರ ಹಿಂದೆ ಮಂಗಳ, ತನ್ನ ಜಾಗದಲ್ಲಿ.

"ಸರಿ ಐತೇನೋ?" ಅಕ್ಕ ಕೇಳಿದಳು.

"ಸರಿ ಐತಿ."

"ಸಾಲು ತಪ್ಪಿಲ್ಲಲ್ಲ, ಮಾಸ್ತರ್ರ?"

"ಇಲ್ಲ ತಾಯಿ."

ಬಾಗಿಲಲ್ಲಿ ಅವಳ ಮಗ ಕೈಚೀಲ ಹಿಡಿದು ನಿಂತಿದ್ದ. ಬಸ್ಸಿಗೆ ಹೊತ್ತಾಗಿತ್ತು. ಬೆರಳಿಗೆ ತಿಳಿಯಲೆಂದು ಭಾಯಿ ಪಕ್ಕದ ಬಳೆ ಅಂಗಡಿಯಿಂದ ಹಣೆಗೆ ಹಚ್ಚುವ ಉಬ್ಬು ಟಿಕಳಿಯ ಒಂದು ಚೀಟಿ ತಂದರು. ಮೊದಲ ಸಿ.ಡಿ.ಯ ಡಬ್ಬಿಯ ಮೇಲೆ ಒಂದು ಟಿಕಳಿ, ಎರಡನೆಯದಕ್ಕೆ ಎರಡು. ಮೂರನೆಯ ಡಬ್ಬಿಗೆ ಮೂರನ್ನು ಸಾಲಾಗಿ ಅಂಟಿಸಿ, ಅಕ್ಕನ ಬೆರಳನ್ನು ಅದರ ಮೇಲೆ ಇಟ್ಟೆ.