ಬುಧವಾರ ಬರುವ ಊರು

ಶಾಮ್‌ಬರ್ಗಿನ ನಮ್ಮ ಮನೆಯ ಸೂರಿನ ಮೇಲೆ, ಅಡುಗೆಮನೆಯ ಕಿಟಕಿಗೆ ಸರಿಯಾಗಿ, ಹಲ್ಲು ಉದುರಿದ ಬಾಚಣಿಗೆಯಂಥ ಒಂದು ಟೀವಿ ಆಂಟೆನಾ ಇದೆ. ಈ ಬಡಾವಣೆಯ ಉಳಿದ ಆಂಟೆನಾಗಳೆಲ್ಲ ವಿನಯದಿಂದ ಶಿಕಾಗೋ ನಗರದ ಕಡೆಗೆ ಮುಖ ಮಾಡಿಕೊಂಡು ನಿಂತಿದ್ದರೆ, ನಮ್ಮದು ಮಾತ್ರ ಸ್ವಲ್ಪ ಎಡಕ್ಕೆ ಕತ್ತು ಹೊರಳಿಸಿ, ಅಷ್ಟು ದೊಡ್ಡ ನಗರವನ್ನು ಕಂಡೂ ಕಾಣದ ಹಾಗೆ, ಮುನ್ನೂರು ಮೈಲಿ ಆಚೆಗೆಲ್ಲೋ ದೃಷ್ಟಿ ನೆಟ್ಟಿದೆ. ಊಟಕ್ಕೆ ಬಂದವರು ಅದನ್ನು ನೋಡಿ, ಗಾಳಿಗೆ ತಿರುಗಿಕೊಂಡಿರಬೇಕು, ಸರಿ ಮಾಡಿಸಿ ಎಂದು ಸಲಹೆ ಕೊಡುತ್ತಾರೆ. ನಾನು ತಲೆಯಾಡಿಸಿ ಇನ್ನೊಂದು ಸೌಟು ಹುಳಿ ಬಡಿಸುತ್ತೇನೆ. ಅದನ್ನು ತಿರುಗಿಸಿದ್ದು ಗಾಳಿಯಲ್ಲ, ನನ್ನ ಹಟ. ಆ ಹಟದ ಕಥೆಯನ್ನು ನಿಮಗಾದರೂ ಹೇಳಿಬಿಡುತ್ತೇನೆ.

ಮದುವೆಯಾಗಿ ಮೈಸೂರಿನಿಂದ ಬಂದವಳು ನಾನು ಮೊದಲು ಸಂಸಾರ ಹೂಡಿದ್ದು ಡೆಟ್ರಾಯಿಟಿನ ಪಕ್ಕದ ಡಿಯರ್‌ಬಾರ್ನಿನಲ್ಲಿ. ನಮ್ಮವರು ಕಾರಿನ ಕಂಪನಿಯೊಂದರಲ್ಲಿ ಎಂಜಿನಿಯರು. ಬೆಳಿಗ್ಗೆ ಕತ್ತಲಿರುವಾಗ ಹೊರಟರೆ ಸಂಜೆ ಕತ್ತಲಾದ ಮೇಲೆ ಬರುವವರು. ನನ್ನ ಬೇಸರ ಕಳೆಯಲೆಂದು ಟೀವಿಯನ್ನೂ, ಅದರ ಬೆನ್ನಿಗೇ ಈ ಆಂಟೆನಾವನ್ನೂ ತಂದರು. ನದಿಯಾಚೆಗೇ ಕೆನಡಾ, ಅವರ ಚಾನೆಲ್ಲೂ ಸಿಗುತ್ತದೆಂದು ಯಾರೋ ಹೇಳಿದ್ದರಿಂದ, ಸೂರು ಹತ್ತಿ ಅದನ್ನು ಉತ್ತರಕ್ಕೆ ತಿರುಗಿಸಿ ಬಿಗಿದರು. ಪರದೆಯ ಮೇಲೆ ಒಂದು ನರಪಿಳ್ಳೆಯೂ ಮೂಡಲಿಲ್ಲ. "ಕೆನಡಾ ಉತ್ತರದಲ್ಲಿದೆ ಅಂತ ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಚಾನೆಲ್ಲೇ ಸರಿಯಿಲ್ಲ," ಎಂದು ತೀರ್ಪು ಕೊಟ್ಟು ಇಳಿದುಬಂದರು. ಮಾರನೆಯ ದಿನ ನಾನು ಕಿರಾಣಿ ಅಂಗಡಿಯ ಗೋಡೆಯಲ್ಲಿದ್ದ ನಕ್ಷೆ ನೋಡಿದೆ. ಡೆಟ್ರಾಯಿಟಿನ ಬಳಿ ನದಿ ಅದೇನು ಗಿರಕಿ ಹೊಡೆಯುತ್ತದೋ, ಕೆನಡಾ ನಮ್ಮ ಮನೆಯ ಆಗ್ನೇಯಕ್ಕಿತ್ತು. ಆಗ್ನೇಯವೆಂದರೆ ಅಡುಗೆಮನೆಯ ಮೂಲೆಯಲ್ಲವೇ, ಅಲ್ಲಿಂದ ಒಳ್ಳೆಯದೇ ಬರಬೇಕೆಂದು ನನಗೆ ಆಗಲೇ ಅನ್ನಿಸಿತ್ತು. ನಮ್ಮವರು ಮತ್ತೆ ಸೂರು ಹತ್ತಿದರು. ಅವತ್ತಿನಿಂದ ನಕ್ಷೆಗಳ ವಿಷಯವನ್ನು ನನ್ನೆದುರು ಎತ್ತುವುದಿಲ್ಲ.

ಹಾಗೆ ಕೆನಡಾದ ಹಾಸ್ಯ ಧಾರಾವಾಹಿಯೊಂದರಲ್ಲಿ ಬಂದದ್ದು ಆ ಊರು. ಕೆರೆಯ ದಂಡೆಯ ಮೇಲೊಂದು ಪುಟ್ಟ ಊರು, ಪ್ರತಿ ಬುಧವಾರ ಸಂಜೆ ಅರ್ಧ ಗಂಟೆ. ಅಲ್ಲಿನ ಕ್ಷೌರಿಕನೇ ಊರಿನ ಮೇಯರು. ಆಡಳಿತದ ಗುಟ್ಟುಗಳೆಲ್ಲ ಅವನ ಕತ್ತರಿಯ ಸದ್ದಿನ ಜೊತೆಗೇ ಹೊರಬೀಳುತ್ತಿದ್ದವು. ಒಂದೇ ಅಂಗಡಿಯನ್ನು ನಡೆಸುವ ಅಣ್ಣತಮ್ಮಂದಿರು ಯಾವುದೋ ಕಾಲದಲ್ಲಿ ಮಾತು ಬಿಟ್ಟವರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದರೂ ಅಣ್ಣ ಗಿರಾಕಿಗೆ ಹೇಳುತ್ತಿದ್ದ, ಬಾಗಿಲು ಹಾಕೋ ಹೊತ್ತಾಯಿತು ಅಂತ ಅವನಿಗೆ ಹೇಳಿ ಎಂದು. ಊರ ಮುಂದೆ ಒಂದು ಬಸ್ ನಿಲ್ದಾಣವಿತ್ತು, ಬಸ್ಸು ಮಾತ್ರ ಒಂದು ದಿನವೂ ಬರಲಿಲ್ಲ.

ಇದರಲ್ಲೇನಮ್ಮ ನಗುವಂಥದ್ದು ಎಂದು ನೀವು ಕೇಳಬಹುದು. ನಮ್ಮವರೂ ಕೇಳಿದರು. ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ಎಲ್ಲರ ಹಲ್ಲೂ ಫಳಫಳ, ಸೋಫಾಗಳೆಲ್ಲ ನಿನ್ನೆ ಕೊಂಡವು, ಜೊತೆಗೆ ಎಲ್ಲಿ ನಗಬೇಕೆಂದು ಹೇಳಿಕೊಡಲು ಕಾಣದ ಜನರ ದೊಡ್ಡ ನಗು ಬೇರೆ. ಆ ಕೆನಡಾದ ಊರಿನಲ್ಲಿ ಹಾಗಲ್ಲ. ಜನ ಕೋಟು ಬಿಚ್ಚದೆಯೇ ಕೂತು ಮಾತಾಡುತ್ತಿದ್ದರು, ಮಾತಿನ ನಡುವೆ ಸುಮ್ಮನಿರುತ್ತಿದ್ದರು, ಗೋಡೆಯ ಕಾಗದ ಮೂಲೆಯಲ್ಲಿ ಕಿತ್ತುಬಂದಿರುತ್ತಿತ್ತು. ನಗು ಬರುವುದು ಬಿಡುವುದು ನಮಗೆ ಬಿಟ್ಟದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಆ ಊರಿನಲ್ಲಿ ಯಾರಿಗೂ ಮುಂದೆ ಬರುವ ಆಸೆಯಿರಲಿಲ್ಲ. ನಾವೆಲ್ಲ ಮುಂದೆ ಬಂದವರು ನೋಡಿ. ಮನೆಯವರೆಲ್ಲ ಸೇರಿ ಓದಿಸಿ, ವಿಮಾನ ಹತ್ತಿಸಿ, ಏಳು ಸಮುದ್ರ ದಾಟಿಸಿ ನಮ್ಮನ್ನು ಮುಂದೆ ತಂದಿದ್ದರು. ಇನ್ನೂ ಮುಂದೆ ಹೋಗುವ ಚಿಂತೆಯಲ್ಲಿ ನಮ್ಮವರ ಕೂದಲು ಹಿಂದೆ ಸರಿಯುತ್ತಿತ್ತು. ಅಲ್ಲಿ ನೋಡಿದರೆ ಒಂದಿಡೀ ಊರು ಇದ್ದಲ್ಲೇ ಇದ್ದುಕೊಂಡು, ಅರ್ಧ ಗಂಟೆಯ ಕೊನೆಗೆ ಮೊದಲಿದ್ದ ಹಾಗೇ ಉಳಿದು, ಅದರಲ್ಲೇ ತೃಪ್ತವಾಗಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಇನ್ನೊಂದು ಕಾರಣವೂ ಉಂಟು. ಆ ಊರಿನವರು ಯಾರ ಮನೆಗೆ ಹೋದರೂ ಹಿಂಬಾಗಿಲಿನಿಂದ, ಬಡಿಯದೆ, ನೇರ ಅಡುಗೆಮನೆಗೇ ನುಗ್ಗುತ್ತಿದ್ದರು. ಮೈಸೂರಿನಲ್ಲಿ ನಮ್ಮ ಸೋದರತ್ತೆ ನಂಜಮ್ಮತ್ತೆ ಬರುತ್ತಿದ್ದುದು ಹಾಗೆಯೇ. ಹಿತ್ತಲಿನಿಂದ ಬಂದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಉಪ್ಪು ಕಡಿಮೆ ಎಂದ ಮೇಲೆಯೇ ಕುಶಲ ಕೇಳುವವರು. ಡಿಯರ್‌ಬಾರ್ನಿನಲ್ಲಿ ಪಕ್ಕದ ಮನೆಗೆ ಹೋಗಲೂ ಮೊದಲು ಫೋನು ಮಾಡಬೇಕು. ಒಮ್ಮೆ ಊರಿಗೆ ಹೋದಾಗ, ನಮ್ಮಲ್ಲಿಗೆ ಬಾ ಅತ್ತೆ ಎಂದು ಕರೆದು, ಮಾತಿಗೆ ಮಾತು ಬಂದು ಈ ಫೋನಿನ ವಿಷಯ ಹೇಳಿಬಿಟ್ಟೆ. "ಹೇಳಿ ಕಳಿಸಿ ಬರೋಕೆ ನಾನೇನು ಡೆಪ್ಯುಟಿ ಕಮಿಷನರಾ? ಅಂಥ ಊರಿಗೆ ನಾನು ಬರೋಲ್ಲ ಕಣೆ," ಎಂದರು. ಅವರು ಆಡಿದ್ದನ್ನು ಹಿಂದಕ್ಕೆ ತೆಗೆದುಕೊಂಡದ್ದು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ.

ಅಷ್ಟರಲ್ಲಿ ನಮ್ಮವರಿಗೆ ಶಿಕಾಗೋ ಕಡೆ ಹೊಸ ಕೆಲಸ ಸಿಕ್ಕಿತು. ಶಾಮ್‌ಬರ್ಗಿನಲ್ಲಿ ಹೊಸ ಮನೆ, ಕೂಗಳತೆಯಲ್ಲಿ ದೊಡ್ಡ ಮಾಲು. ಅಲ್ಲಿ ಆ ಚಾನೆಲ್ ಬರುತ್ತದಾ ಎಂದು ಕೇಳಿದೆ. "ಒಂದು ಟೀವಿ ಪ್ರೋಗ್ರಾಮ್‌ಗೆ ಯಾರಾದರೂ ಇಂಥ ಕೆಲಸ ಬಿಡ್ತಾರೇನೇ?" ಎಂದರು. ಬಿಡಿ ಎಂದು ನಾನೂ ಹೇಳಲಿಲ್ಲ. ಆದರೆ ಡಬ್ಬಗಳನ್ನು ಕಟ್ಟುತ್ತ ಕೂತಾಗ ಅಳು ತಡೆಯಲಾಗಲಿಲ್ಲ. ಈ ದೇಶದಲ್ಲಿ ನನಗೆ ಪರಿಚಯವಿದ್ದ ಒಂದೇ ಊರು ಅದು, ಅದೂ ಕೈತಪ್ಪುತ್ತಿತ್ತು. ಹೊಸ ಜಾಗದಲ್ಲಿ ನನ್ನ ಅಡುಗೆಮನೆಗೆ ಯಾರೂ ಬರದಿದ್ದರೆ ಹೇಗೆ ಎಂಬ ಭಯವೂ ಇತ್ತು. ಆಂಟೆನಾವನ್ನು ಬಿಚ್ಚಿಸಿ, ಕಾರಿನ ತಲೆಗೆ ಹಗ್ಗದಿಂದ ಕಟ್ಟಿಸಿಯೇ ಹೊರಟೆ.

ಶಾಮ್‌ಬರ್ಗಿನಲ್ಲಿ ಅದು ಗ್ಯಾರೇಜಿನ ಮೂಲೆ ಸೇರಿತು. ಅಷ್ಟು ದೂರದಿಂದ ಏನೂ ಬರುವುದಿಲ್ಲ, ಬರದ ಚಾನೆಲ್ಲಿಗೆ ಏಣಿ ಕೊಳ್ಳುವುದು ದಂಡ ಎಂದು ನಮ್ಮವರ ವಾದ. ವಾದ ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಪಕ್ಕದ ಮನೆಯ ಗ್ಯಾರೇಜಿನಲ್ಲಿ ಉದ್ದನೆಯ ಏಣಿಯೊಂದು ಮಲಗಿದ್ದುದನ್ನು ನಾನು ಬಂದ ದಿನವೇ ನೋಡಿಟ್ಟುಕೊಂಡಿದ್ದೆ. ಅಲ್ಲಿದ್ದವಳು ಹೆಲೆನ್, ಅರವತ್ತು ದಾಟಿದ ಒಂಟಿ ಹೆಂಗಸು, ಕೈ ಬೀಸುವಷ್ಟೇ ಪರಿಚಯ. ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಆ ಊರಿನವರು ಫೋನು ಮಾಡುತ್ತಿದ್ದರೇ? ಹಿತ್ತಲು ದಾಟಿ ಹೋಗಿ, ಅವಳ ಜಾಲರಿ ಬಾಗಿಲನ್ನು ಬಡಿಯದೇ ತೆರೆದು, ಅಡುಗೆಮನೆಯ ನಡುವೆ ನಿಂತೆ. ತಲೆತುಂಬ ಕೂದಲ ಸುರುಳಿ ಸುತ್ತಿಕೊಂಡು ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದವಳು ಹೌಹಾರಿ, ನಿಮ್ಮ ಮನೆಗೆ ಬೆಂಕಿ ಬಿತ್ತೇ ಎಂದಳು. ಇಲ್ಲ, ಏಣಿ ಬೇಕಿತ್ತು ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಸ್ತ್ರಿ ಆರಿಸಿದಳು.

ಆ ಶನಿವಾರ ನಮ್ಮವರು ಮುಖ ಊದಿಸಿಕೊಂಡು ಸೂರು ಹತ್ತಿದರು, ಹೆಲೆನ್ ಏಣಿ ಹಿಡಿದಳು, ನಾನು ಎಡಕ್ಕೆ, ಇನ್ನೂ ಎಡಕ್ಕೆ ಎಂದು ದಿಕ್ಕು ಹೇಳಿದೆ. ಬುಧವಾರ ಸಂಜೆ ಟೀವಿ ಹಚ್ಚಿದರೆ ಬರೀ ಚುಕ್ಕೆ, ಬರೀ ಬುಸುಗುಟ್ಟುವ ಸದ್ದು. ನಮ್ಮವರು ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ತಮ್ಮ ಗೆಲುವನ್ನು ಅದರ ಹಿಂದೆ ಎಷ್ಟು ಸವಿದರೆಂದು ನನಗೆ ಗೊತ್ತು. ಏಣಿ ಹಿಡಿದ ಹಕ್ಕಿನಿಂದ ನೋಡಲು ಬಂದಿದ್ದ ಹೆಲೆನ್, ಕಾಫಿ ಕೈಯಲ್ಲಿಟ್ಟುಕೊಂಡು, ಇಷ್ಟೆಲ್ಲ ಕಷ್ಟಪಟ್ಟು ನೋಡಬೇಕಾದ್ದು ಏನಿತ್ತು ಎಂದಳು. ಸದ್ದು ತಗ್ಗಿಸಿ, ಚುಕ್ಕೆಗಳೆದುರಿಗೇ ಕೂತು, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಅಣ್ಣತಮ್ಮಂದಿರ ಕಥೆ ಹೇಳಿದೆ. ಅವಳು ಕಾಫಿ ಚೆಲ್ಲಿಕೊಂಡು ನಕ್ಕಳು. ಮುಂದಿನ ಬುಧವಾರ ಅದೇ ಹೊತ್ತಿಗೆ ನಮ್ಮ ಹಿಂಬಾಗಿಲು ತೆರೆದುಕೊಂಡಿತು. ಅವಳು ಬಡಿದಿರಲಿಲ್ಲ. ನಾನು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ, ಅಷ್ಟು ಸಂತೋಷವಾಯಿತು.

ಕಥೆಗಳೇನು ಅಕ್ಷಯವೇ? ಚಳಿಗಾಲ ಮುಗಿಯುವ ಹೊತ್ತಿಗೆ ನನಗೆ ನೆನಪಿದ್ದವೆಲ್ಲ ತೀರಿದವು. ಹೆಲೆನ್ ಎಂದಿನಂತೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಇವತ್ತು ಏನೂ ಇಲ್ಲ ಎನ್ನಲು ಬಾಯಿ ತೆರೆದವಳು, ಆ ಊರಿನ ನಿಲ್ದಾಣಕ್ಕೆ ಇದ್ದಕ್ಕಿದ್ದಂತೆ ಒಂದು ಬಸ್ಸು ಬಂತು ಎಂದುಬಿಟ್ಟೆ. ಬಾಗಿಲು ತೆರೆಯಿತು. ಇಳಿದವರು ಯಾರೆಂದುಕೊಂಡಿರಿ? ನಮ್ಮ ನಂಜಮ್ಮತ್ತೆ, ಟ್ರಂಕು ಸಮೇತ. ಹಿಂಬಾಗಿಲಿನಿಂದ ಬಡಿಯದೆ ಒಳಗೆ ಬರಬಹುದಾದ ಆ ಊರಿಗೆ ಬರಲು ಅವರು ತಕರಾರು ಮಾಡಲಿಲ್ಲ. ಹೊರಗೆ ಹಿಮವಾದ್ದರಿಂದ ಅಂಚೆಮನೆಯ ಒಲೆಯ ಪಕ್ಕ ಹಪ್ಪಳ ಒಣಹಾಕಿದರು. ಮೇಯರನ ಕುರ್ಚಿಯಲ್ಲಿ ಕೂತು ಊರಿನ ಲೆಕ್ಕಪತ್ರ ಕೇಳಿದರು. ಅಣ್ಣ ಎಂದಿನಂತೆ, ಅವನಿಗೆ ಹೇಳಿ ಎಂದಾಗ, "ಯಾಕಪ್ಪ, ನಾನೇನು ನಿಮ್ಮನೆ ಟಪಾಲಿನವಳಾ? ನೀನೇ ಹೇಳು," ಎಂದು ಸೊಂಟದ ಮೇಲೆ ಕೈಯಿಟ್ಟರು. ಹೆಲೆನ್‌ಗೆ ಉಳಿದವರೆಲ್ಲ ಸಪ್ಪೆಯಾದರು. ವಾರವಾರವೂ ಅವಳು ಕೇಳುತ್ತಿದ್ದುದು ಅತ್ತೆಯನ್ನೇ. ಪತ್ರಿಕೆಯ ಹಿಂದೆ ಅಡಗಿದ್ದ ನಮ್ಮವರು ಪುಟ ಮಗುಚುವುದನ್ನು ಬಿಟ್ಟದ್ದನ್ನೂ ನಾನು ಗಮನಿಸಿದೆ.

ಆಮೇಲೊಂದು ಬೇಸಿಗೆಯಲ್ಲಿ ಹೆಲೆನ್ ಡೆಟ್ರಾಯಿಟಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೋದಳು. ಬುಧವಾರ ಅಲ್ಲೇ ಇರುತ್ತೇನೆ, ಕಣ್ಣಾರೆ ನೋಡಿಕೊಂಡು ಬರುತ್ತೇನೆ ಎಂದು ಹಿಗ್ಗಿ ಹೊರಟಳು. ಅತ್ತೆ ಅಲ್ಲಿಲ್ಲವೆಂದು ತಿಳಿದ ಮೇಲೆ ಇನ್ನು ಆ ಬಾಗಿಲು ತೆರೆಯುವುದಿಲ್ಲ ಎಂದುಕೊಂಡು ವಾರವಿಡೀ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತೆ. ಮುಂದಿನ ಬುಧವಾರ ಬಾಗಿಲು ತೆರೆಯಿತು. ಹೆಲೆನ್ ಕೂತಳು, ಕಾಫಿ ತೆಗೆದುಕೊಂಡಳು, ನೋಡಿದೆ ಎಂದಳು. ಅಣ್ಣತಮ್ಮಂದಿರಿದ್ದರು, ಮೇಯರೂ ಇದ್ದ. ನಿನ್ನ ಅತ್ತೆ ಇರಲಿಲ್ಲ. ಬಸ್ಸೂ ಬರಲಿಲ್ಲ.

ಅವಳು ಒಂದು ಗುಟುಕು ಕುಡಿದು, ಬಟ್ಟಲು ಕೆಳಗಿಟ್ಟು, ಬೆರಳಿನಿಂದ ನಮ್ಮ ಸೂರನ್ನು ತೋರಿಸಿದಳು. ನನ್ನ ತಂಗಿಯ ಮನೆಯ ಆಂಟೆನಾ ಕೆಲಸಕ್ಕೆ ಬಾರದ್ದು, ಅದಕ್ಕೆ ಪೂರ್ತಿ ಊರು ಸಿಗುವುದಿಲ್ಲ, ನಿಮ್ಮದೇ ವಾಸಿ ಎಂದಳು. ಕಣ್ಣಂಚಿನಲ್ಲಿ ನಗುತ್ತಿದ್ದಳು. ಪತ್ರಿಕೆ ಮಡಿಸಿಟ್ಟ ಸದ್ದಾಯಿತು. ನಮ್ಮವರು ಎದ್ದು ಹೋಗಿ ತಾವೇ ಟೀವಿ ಹಚ್ಚಿ ಚುಕ್ಕೆಗಳನ್ನು ತಂದರು. "ಆ ತಮ್ಮ ಮಾತಾಡಿದನೋ ಇಲ್ವೋ, ಅದನ್ನ ಹೇಳು ಮೊದಲು," ಎಂದರು.

ಮೊನ್ನೆ ಸೂರು ರಿಪೇರಿಗೆಂದು ಇಬ್ಬರು ಕೆಲಸಗಾರರು ಬಂದಿದ್ದರು. ಆಂಟೆನಾ ಬಿಚ್ಚಿ ಕೆಳಗಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ನಿಲ್ಲಿಸುವಾಗ ಶಿಕಾಗೋ ಕಡೆಗೆ ನೆಟ್ಟಗೆ ತಿರುಗಿಸಿದರು. ನಮ್ಮವರು ಅಂಗಳದಿಂದಲೇ ಕೈ ಬೀಸಿ, ಎಡಕ್ಕೆ, ಇನ್ನೂ ಎಡಕ್ಕೆ ಎಂದರು. ಅಲ್ಲಿಂದ ಏನು ಬರುತ್ತೆ ಸಾರ್ ಎಂದು ಮೇಲಿನವನು ಕೇಳಿದ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ. ನನ್ನ ಹೆಂಡತಿಯ ಸೋದರತ್ತೆ ಬರುತ್ತಾರೆ, ಬುಧವಾರ ಬುಧವಾರ ಎಂದು ನಮ್ಮವರು ಅಚ್ಚ ಇಂಗ್ಲಿಷಿನಲ್ಲಿ ಹೇಳಿದರು.